ಬಂಡೆ ಹಾಗೇ ಇದೆ, ಹದ್ದುಗಳು ಎಲ್ಲಿ?

ರಾಮನಗರದ ರಾಮದೇವರಬೆಟ್ಟದ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿ. ಬಂಡೆಯ ಮೈಮೇಲೆ ಅಲ್ಲಲ್ಲಿ ಸುಣ್ಣ ಸುರಿದ ಹಾಗೆ ಬಿಳಿ ಗೀರುಗಳು ಇಳಿದಿರುತ್ತವೆ. ಅದು ರಣಹದ್ದುಗಳ ಹಿಕ್ಕೆ. ಗೀರು ಶುರುವಾಗುವ ಕಡೆ ಬಂಡೆಯಲ್ಲಿ ಒಂದು ಸಂದು ಇರುತ್ತದೆ. ಅಲ್ಲೇ ಅವುಗಳ ಗೂಡು. ಬೈನಾಕ್ಯುಲರ್ ಹಿಡಿದು ಗೀರಿನ ಬಣ್ಣ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಹಸಿ ಸುಣ್ಣದ ಹಾಗೆ ಬೆಳ್ಳಗಿದ್ದರೆ ಯಾರೋ ಮನೆಯಲ್ಲಿದ್ದಾರೆ. ಮಳೆಗೆ ತೊಳೆದು ಬೂದಿ ಬಣ್ಣಕ್ಕೆ ತಿರುಗಿದ್ದರೆ ಮನೆ ಖಾಲಿ.

ಈ ಬೆಟ್ಟವನ್ನು ಸರ್ಕಾರ 2012ರಲ್ಲಿ ರಣಹದ್ದು ಧಾಮ ಎಂದು ಘೋಷಿಸಿತು. ದೇಶದಲ್ಲಿ ರಣಹದ್ದುಗಳಿಗಾಗಿಯೇ ಆದ ಮೊದಲ ಧಾಮ ಇದು. ವಿಸ್ತೀರ್ಣ ಸುಮಾರು 346 ಹೆಕ್ಟೇರ್. ಉದ್ದಕೊಕ್ಕಿನ ರಣಹದ್ದು ಗೂಡು ಮಾಡಲು ಬಯಸುವುದೇ ಇಂಥ ಕಡಿದಾದ ಬಂಡೆಯನ್ನು. ಆ ಬಂಡೆ ಐವತ್ತು ವರ್ಷದ ಹಿಂದೆ ಹೇಗಿತ್ತೋ ಇವತ್ತೂ ಹಾಗೇ ಇದೆ. ಸಂದುಗಳು ಅವೇ, ಮಧ್ಯಾಹ್ನ ಏಳುವ ಬಿಸಿಗಾಳಿಯೂ ಅದೇ. ಆದರೆ ಹದ್ದುಗಳು ಮಾತ್ರ ಬೆರಳಲ್ಲಿ ಎಣಿಸುವಷ್ಟು.

ಹಾಗಾದರೆ ಈ ಜಾಗ ರಣಹದ್ದಿಗೆ ಒಳ್ಳೆಯದೋ ಕೆಟ್ಟದೋ? ಬೇಟೆಹಕ್ಕಿಗಳನ್ನು ಉಳಿಸಲು ಹೊರಟವರು ಮೊದಲು ಉತ್ತರ ಹುಡುಕಬೇಕಾದ ಪ್ರಶ್ನೆ ಇದು. ಹದ್ದು, ಗಿಡುಗ, ಡೇಗೆ, ಸೆಳೆವ, ಗೂಬೆ ಎಲ್ಲಕ್ಕೂ ಇದೇ ಪ್ರಶ್ನೆ. (ರಣಹದ್ದು ಬೇಟೆ ಆಡುವುದಿಲ್ಲ, ನಿಜ. ಆದರೂ ಅದು ಇದೇ ಕುಲದ್ದು.) ಕೈಯಲ್ಲಿರುವ ದುಡ್ಡು ಕಡಿಮೆ, ಉಳಿಸಬೇಕಾದ ಜಾಗ ಜಾಸ್ತಿ. ಯಾವ ಬೆಟ್ಟಕ್ಕೆ ಬೇಲಿ ಹಾಕಬೇಕು, ಯಾವ ಹುಲ್ಲುಗಾವಲನ್ನು ಬಿಟ್ಟುಕೊಡಬಾರದು ಅನ್ನುವುದನ್ನು ಯಾವುದೋ ಒಂದು ಅಳತೆಯ ಮೇಲೆ ತೀರ್ಮಾನಿಸಲೇಬೇಕು. ಆ ಅಳತೆ ತಪ್ಪಿದರೆ ಹಕ್ಕಿ ಇಲ್ಲದ ಕಡೆ ಬೇಲಿ ಹಾಕಿ, ಇರುವ ಕಡೆ ಕಳೆದುಕೊಳ್ಳುತ್ತೇವೆ.

ಹಕ್ಕಿ ಎಣಿಸಿದರೆ ಸಾಲದಾ?

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಎಣಿಕೆ. ಜಾಸ್ತಿ ಹಕ್ಕಿ ಇದ್ದರೆ ಒಳ್ಳೆಯ ಜಾಗ, ಕಡಿಮೆ ಇದ್ದರೆ ಕೆಟ್ಟದ್ದು. ಸರಿ ಅಲ್ವಾ ಅನ್ನಿಸುತ್ತದೆ. ಬೆಂಗಳೂರಿನ ಯಾವುದೇ ಮಾಂಸದ ಅಂಗಡಿ ಸಾಲಿನ ಮೇಲೆ ನೋಡಿ, ಕರಿಹದ್ದುಗಳು ಗುಂಪು ಗುಂಪಾಗಿ ಸುತ್ತುತ್ತಿರುತ್ತವೆ. ಅದೇ ಬೀದಿಯಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡು ನೇತಾಡುವ ಹದ್ದನ್ನೂ ಕಾಣುತ್ತೇವೆ. ಊಟಕ್ಕೆ ಬಂದ ಗುಂಪನ್ನು ನೋಡಿ ಬಾಳಿಗೆ ಒಳ್ಳೆಯ ಜಾಗ ಎಂದು ಹೇಳಲು ಆಗುವುದಿಲ್ಲ. ಬೀಟ್ರಿಸ್ ವ್ಯಾನ್ ಹಾರ್ನ್ ಎಂಬ ಅಮೆರಿಕದ ವಿಜ್ಞಾನಿ 1983ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಒಂದು ಜಾಗದಲ್ಲಿ ಎಷ್ಟು ಪ್ರಾಣಿ ಇವೆ ಅನ್ನುವುದು ಆ ಜಾಗದ ಗುಣಕ್ಕೆ ಹಿಡಿದ ಕನ್ನಡಿ ಆಗಬೇಕೆಂದಿಲ್ಲ, ದಾರಿ ತಪ್ಪಿಸಲೂಬಹುದು ಎಂದು.

ಸರಿಯಾದ ಪ್ರಶ್ನೆಯನ್ನು ನಾನು ಹೀಗೆ ಕೇಳಿಕೊಳ್ಳುತ್ತೇನೆ. ಒಂದು ಜೋಡಿ ತಮ್ಮ ಆಯಸ್ಸನ್ನೆಲ್ಲಾ ಇಲ್ಲೇ ಕಳೆದರೆ, ಸಾಯುವ ಹೊತ್ತಿಗೆ ತಮ್ಮ ಜಾಗಕ್ಕೆ ಎರಡು ಬೆಳೆದ ಹಕ್ಕಿಗಳನ್ನಾದರೂ ಬಿಟ್ಟು ಹೋಗುತ್ತವಾ? ಹೌದಾದರೆ ಜಾಗ ಒಳ್ಳೆಯದು. ಇಲ್ಲವಾದರೆ ಅಲ್ಲಿ ನೂರು ಹಕ್ಕಿ ಕಂಡರೂ ಅದು ನಷ್ಟದ ಜಾಗ.

ನಷ್ಟದ ಜಾಗದಲ್ಲಿ ನೂರು ಹಕ್ಕಿ ಹೇಗೆ ಕಾಣುತ್ತವೆ? ನಮ್ಮ ಕೆರೆಗಳನ್ನು ನೆನೆಸಿಕೊಳ್ಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಕೆಳಗಿನ ಕೆರೆಯ ಏರಿ ಬಿರುಕು ಬಿಟ್ಟಿದೆ ಎಂದುಕೊಳ್ಳಿ. ಮೇಲಿಂದ ನೀರು ಬರುತ್ತಿರುವ ತನಕ ಅದು ತುಂಬಿದಂತೆಯೇ ಕಾಣುತ್ತದೆ. ಸೋರುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರೋ ಬಂದು ಎರಡೂ ಕೆರೆಯ ಮಟ್ಟ ಅಳೆದು, "ಎರಡೂ ಒಂದೇ, ಮೇಲಿನದನ್ನು ಸೈಟ್ ಮಾಡೋಣ" ಅಂದರೆ ಏನಾಗುತ್ತದೆ? ಒಂದೆರಡು ವರ್ಷದಲ್ಲಿ ಕೆಳಗಿನದೂ ಒಣಗುತ್ತದೆ. ಬೇಟೆಹಕ್ಕಿಗಳ ನೆಲೆಗಳೂ ಹೀಗೆ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಕೆಲವು ಕಡೆ ಮರಿಗಳು ಹೆಚ್ಚಾಗಿ ಹೊರಗೆ ಹರಿಯುತ್ತವೆ. ಕೆಲವು ಕಡೆ ಹೀಗೆ ಹರಿದು ಬಂದವು ಸಾಯುತ್ತವೆ.

ಬೇಟೆಹಕ್ಕಿಗಳಲ್ಲಿ ಈ ಮೋಸ ಇನ್ನೂ ಜಾಸ್ತಿ. ಅವುಗಳಲ್ಲಿ ಅನೇಕ ಜಾತಿಗಳು ಹೀಗೆ, ಒಂದು ಜೋಡಿ ಒಂದು ಬೆಟ್ಟವನ್ನು ಹಿಡಿದುಕೊಂಡರೆ ಬೇರೆಯವರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಬೆಳೆದರೂ ಸ್ವಂತ ಜಾಗವಿಲ್ಲದ ಹಕ್ಕಿಗಳು ಸುತ್ತಮುತ್ತ ಅಲೆಯುತ್ತಾ ಇರುತ್ತವೆ. ಬೆಟ್ಟದ ಗಂಡು ಸತ್ತರೆ ಕೆಲವೇ ದಿನದಲ್ಲಿ ಹೊಸ ಗಂಡು ಬಂದು ಕೂರುತ್ತದೆ. ಕೆಳಗಿಂದ ನೋಡುವ ನಮಗೆ ಹೋದ ವರ್ಷವೂ ಜೋಡಿ, ಈ ವರ್ಷವೂ ಜೋಡಿ. ಎಲ್ಲಾ ಸರಿ ಇದೆ ಎಂದು ಬರೆದುಕೊಂಡು ಬರುತ್ತೇವೆ. ಅಲೆಮಾರಿಗಳು ಮುಗಿದ ವರ್ಷ ಒಮ್ಮೆಲೇ ಬೆಟ್ಟ ಖಾಲಿಯಾಗುತ್ತದೆ.

ಇದನ್ನು ಮೊದಲೇ ಹಿಡಿಯಲು ಒಂದು ಉಪಾಯ ಇದೆ. ನನಗೆ ಈ ವಿದ್ಯೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಹಕ್ಕಿಯ ಸಂಖ್ಯೆ ಬಿಟ್ಟು ಅದರ ವಯಸ್ಸು ನೋಡುವುದು. ಬೊನೆಲ್ಲಿ ಗಿಡುಗ ಹಂಪಿ, ರಾಮನಗರದ ಕಡೆಯ ಬಂಡೆಗುಡ್ಡಗಳಲ್ಲಿ ಕಾಣುವ ಹಕ್ಕಿ. ಬೆಳೆದ ಹಕ್ಕಿಯ ಹೊಟ್ಟೆ ಬಿಳಿ, ಅದರ ಮೇಲೆ ಕಪ್ಪು ಗೆರೆ. ಎಳೆಯದರ ಹೊಟ್ಟೆ ಕೆಂಗಂದು. ಗೂಡಿನಲ್ಲಿ ಸಂಸಾರ ಮಾಡುತ್ತಿರುವ ಜೋಡಿಯಲ್ಲಿ ಒಂದು ಇನ್ನೂ ಕೆಂಗಂದು ಬಣ್ಣದಲ್ಲೇ ಇದೆ ಎಂದರೆ ಅನುಮಾನ ಪಡಬೇಕು. ಆ ಜಾಗದಲ್ಲಿದ್ದ ದೊಡ್ಡ ಹಕ್ಕಿ ಸತ್ತಿದೆ, ಬದಲಿಗೆ ಬರಲು ಬೆಳೆದ ಹಕ್ಕಿ ಸಿಕ್ಕಿಲ್ಲ. ಸ್ಪೇನ್ ದೇಶದಲ್ಲಿ ಹದ್ದುಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಇದನ್ನು ಮುನ್ಸೂಚನೆಯಾಗಿಯೇ ಬಳಸಿದ್ದಾರೆ. ಅಲ್ಲಿ ಕರೆಂಟು ಕಂಬಗಳ ಮೇಲೆ ಕೂತು ಸಾಯುತ್ತಿದ್ದ ಬೊನೆಲ್ಲಿ ಗಿಡುಗಗಳು ತುಂಬಾ ಇದ್ದವು. ಬಂಡೆ, ಕಾಡು, ಮೊಲ ಎಲ್ಲಾ ಚೆನ್ನಾಗಿದ್ದವು. ಕೊಲ್ಲುತ್ತಿದ್ದದ್ದು ತಂತಿ.

ಮರಿ ಸತ್ತರೂ ಒಳ್ಳೆಯ ಜಾಗ?

ಇಲ್ಲಿ ಒಂದು ತಿರುವು ಇದೆ. ಅಮೆರಿಕದ ಅರಿಜೋನಾದಲ್ಲಿ ಟೂಸಾನ್ ಎಂಬ ನಗರ. ಅಲ್ಲಿ 1990ರ ದಶಕದಲ್ಲಿ ಕೂಪರ್ ಗಿಡುಗಗಳು ಊರೊಳಗಿನ ಮರಗಳಲ್ಲೇ ಒತ್ತೊತ್ತಾಗಿ ಗೂಡು ಕಟ್ಟುತ್ತಿದ್ದವು. ಪಾರಿವಾಳ, ಬೆಳವದ ಹಕ್ಕಿ ಯಥೇಚ್ಛ. ಕ್ಲಿಂಟ್ ಬೋಲ್ ಮತ್ತು ವಿಲಿಯಂ ಮ್ಯಾನನ್ ಎಂಬ ಸಂಶೋಧಕರು ಗೂಡುಗಳನ್ನು ಹತ್ತಿ ನೋಡಿದರು. ಊರೊಳಗಿನ ಗೂಡುಗಳಲ್ಲಿ ಅರ್ಧಕ್ಕರ್ಧ ಮರಿಗಳು ಸಾಯುತ್ತಿದ್ದವು. ಊರಾಚೆ ಸತ್ತದ್ದು ನೂರಕ್ಕೆ 5ರಷ್ಟು. ಕಾರಣ ಆ ಸುಲಭದ ಊಟವೇ. ಬೆಳವಗಳಲ್ಲಿರುವ ಒಂದು ಸೂಕ್ಷ್ಮಜೀವಿ ಮರಿಗಳ ಗಂಟಲಲ್ಲಿ ಹುಣ್ಣು ಮಾಡಿ ನುಂಗಲು ಬಿಡದೆ ಕೊಲ್ಲುತ್ತಿತ್ತು.

ಊಟದ ಆಸೆ ತೋರಿಸಿ ಹಕ್ಕಿಯನ್ನು ಕರೆದು ಮರಿ ಕೊಲ್ಲುವ ಜಾಗ, ಅಂದರೆ ಬೋನು, ಎಂದು ಎಲ್ಲರೂ ಅಂದುಕೊಂಡರು. ಆದರೆ ಅದೇ ತಂಡ ಕೆಲಸ ನಿಲ್ಲಿಸಲಿಲ್ಲ. ವರ್ಷಗಟ್ಟಲೆ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಯಾವುದು ಬದುಕಿದೆ, ಯಾವುದು ಇಲ್ಲ ಎಂದು ಲೆಕ್ಕ ಇಟ್ಟಿತು. 2008ರ ಹೊತ್ತಿಗೆ ಬೇರೆಯೇ ಚಿತ್ರ ಸಿಕ್ಕಿತು. ಗೂಡಿಂದ ಹಾರಿ ಹೋದ ಮರಿಗಳು, ದೊಡ್ಡ ಹಕ್ಕಿಗಳು ಊರೊಳಗೆ ಚೆನ್ನಾಗಿಯೇ ಬದುಕುತ್ತಿದ್ದವು. ಮರಿಗಳ ಸಾವನ್ನು ಇದು ಸರಿದೂಗಿಸುತ್ತಿತ್ತು. ಒಟ್ಟು ಲೆಕ್ಕದಲ್ಲಿ ಟೂಸಾನ್ ನಷ್ಟದ ಜಾಗ ಆಗಿರಲಿಲ್ಲ.

ಮೊದಲ ಅಧ್ಯಯನ ತಪ್ಪಲ್ಲ. ಅದು ಅರ್ಧ ಲೆಕ್ಕ ಅಷ್ಟೇ. ನೆಲೆಯ ಗುಣ ಅಳೆಯಲು ಎರಡೂ ಬೇಕು. ಎಷ್ಟು ಮರಿ ಹಾರಿದವು, ಎಷ್ಟು ದೊಡ್ಡವು ಉಳಿದವು. ಇದರಲ್ಲಿ ಯಾವುದಕ್ಕೆ ತೂಕ ಜಾಸ್ತಿ ಅನ್ನುವುದು ಹಕ್ಕಿಯಿಂದ ಹಕ್ಕಿಗೆ ಬದಲಾಗುತ್ತದೆ. ಕೂಪರ್ ಗಿಡುಗ ವರ್ಷಕ್ಕೆ ಮೂರು ನಾಲ್ಕು ಮೊಟ್ಟೆ ಇಡುತ್ತದೆ, ಕಳೆದುಕೊಂಡರೂ ಮರುವರ್ಷ ತುಂಬಿಕೊಳ್ಳಬಹುದು. ರಣಹದ್ದು ಇಡುವುದು ಒಂದೇ ಮೊಟ್ಟೆ. ಆ ಮರಿ ಬೆಳೆದು ಸಂಸಾರ ಹೂಡಲು ಸುಮಾರು ಐದು ವರ್ಷ ಬೇಕು. ಅಲ್ಲಿ ಒಂದು ದೊಡ್ಡ ಹಕ್ಕಿ ಸತ್ತರೆ ಆಗುವ ಪೆಟ್ಟು ತುಂಬಾ ದೊಡ್ಡದು.

ಹುಲ್ಲಿನೊಳಗೆ ಏನಿದೆ

ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಸೆಳೆವಗಳು ಬರುತ್ತವೆ. ಉದ್ದ ರೆಕ್ಕೆ, ಹುಲ್ಲಿನ ಮೇಲೆ ತೇಲಿದಂತೆ ಹಾರುವ ಹಕ್ಕಿ. ಮಾಂಟೆಗು ಸೆಳೆವಗಳು ಕಜಾಕಿಸ್ತಾನದಂಥ ಕಡೆಯ ಹುಲ್ಲುಗಾವಲಲ್ಲಿ ಮರಿ ಮಾಡಿ ಇಲ್ಲಿಗೆ ಬರುತ್ತವೆ. ಹಗಲೆಲ್ಲಾ ಹೊಲ, ಬೀಳು, ಕಾವಲುಗಳ ಮೇಲೆ ಒಂಟಿಯಾಗಿ ಬೇಟೆ ಆಡುತ್ತವೆ. ಸಂಜೆ ಆಗುತ್ತಲೇ ಒಂದೇ ಹುಲ್ಲುಗಾವಲಿಗೆ ಸೇರಿ ನೆಲದ ಮೇಲೆ, ಹುಲ್ಲಿನ ನಡುವೆ ಮಲಗುತ್ತವೆ. ಗುಜರಾತಿನ ವೇಳಾವದರ್ ಹೀಗೆ ಸೆಳೆವಗಳು ಸೇರುವ ಜಗತ್ತಿನ ದೊಡ್ಡ ಜಾಗಗಳಲ್ಲಿ ಒಂದು. ನಮ್ಮಲ್ಲಿ ಅಮೃತ ಮಹಲ್ ಕಾವಲುಗಳು, ಹೆಸರಘಟ್ಟದಂಥ ಹುಲ್ಲುಗಾವಲುಗಳು ಅವಕ್ಕೆ ಆಸರೆ.

ಇಲ್ಲಿ ಗೂಡಿಲ್ಲ, ಮರಿ ಇಲ್ಲ. ಹಾಗಾದರೆ ಜಾಗದ ಗುಣ ಅಳೆಯುವುದು ಹೇಗೆ? ಒಂದು ದಾರಿ, ಅವು ಕಕ್ಕಿದ ಉಂಡೆ. ಬೇಟೆಹಕ್ಕಿಗಳು ಅರಗದ ಕೂದಲು, ಮೂಳೆ, ಪುಕ್ಕ, ಹುಳದ ಚಿಪ್ಪನ್ನೆಲ್ಲಾ ಒತ್ತಿ ಉಂಡೆ ಮಾಡಿ ಬಾಯಿಂದ ಹೊರಗೆ ಹಾಕುತ್ತವೆ. ಬೆಳಿಗ್ಗೆ ಹಕ್ಕಿಗಳೆಲ್ಲಾ ಎದ್ದು ಹೋದ ಮೇಲೆ ಅವು ಮಲಗಿದ್ದ ಕಡೆ ನಿಧಾನ ನಡೆದರೆ ಸಿಗುತ್ತವೆ. ಹೆಬ್ಬೆರಳಿನಷ್ಟು ಉದ್ದ, ಒಣ ಸಗಣಿ ಬಣ್ಣ, ಕೈಗೆ ತೂಕವೇ ಇಲ್ಲ. ಮನೆಗೆ ತಂದು ಬಿಸಿನೀರಲ್ಲಿ ನೆನೆಹಾಕಿ ಬಿಳಿ ತಟ್ಟೆಯ ಮೇಲೆ ಚಿಮಟದಿಂದ ಬಿಡಿಸಬೇಕು. ನಾನು ಮೊದಲ ಸಲ ಬಿಡಿಸಿದಾಗ ಕಪ್ಪಗೆ ಹೊಳೆಯುವ, ಎಳ್ಳಿಗಿಂತ ಸ್ವಲ್ಪ ದೊಡ್ಡ ಚೂರುಗಳು ತಟ್ಟೆ ತುಂಬಾ ಬಿದ್ದವು. ಮಣ್ಣು ಅಂದುಕೊಂಡಿದ್ದೆ. ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನಲ್ಲಿ ಹಲ್ಲು! ಮಿಡತೆಯ ದವಡೆಗಳು. ಎಡದ್ದೊಂದು, ಬಲದ್ದೊಂದು ಸೇರಿದರೆ ಒಂದು ಮಿಡತೆ. ಹಾಗೆ ಎಣಿಸುತ್ತಾ ಹೋದರೆ ಆ ಹಕ್ಕಿ ಹಿಂದಿನ ದಿನ ಏನು ತಿಂದಿತ್ತು ಅನ್ನುವುದು ತಟ್ಟೆಯಲ್ಲೇ ಸಿಗುತ್ತದೆ. ಒಂದು ಇಲಿ ಹಲ್ಲು, ಹಕ್ಕಿಯ ಪುಕ್ಕದ ತುಣುಕು, ಉಳಿದದ್ದೆಲ್ಲಾ ಮಿಡತೆ.

ಈ ತಟ್ಟೆ ಎರಡು ಸಂಗತಿ ಹೇಳುತ್ತದೆ. ಮಲಗಲು ಒಂದು ಹುಲ್ಲುಗಾವಲು ಇದ್ದರೆ ಸಾಲದು, ಸುತ್ತಲಿನ ಹೊಲಗಳಲ್ಲಿ ಮಿಡತೆ ಇರಬೇಕು. ಆ ಮಿಡತೆಯ ಮೇಲೆ ಏನು ಸಿಂಪಡಿಸಿದ್ದಾರೆ ಅನ್ನುವುದೂ ನೆಲೆಯ ಗುಣವೇ. ಅಮೆರಿಕದ ಸ್ವೈನ್‌ಸನ್ ಗಿಡುಗ ಚಳಿಗಾಲಕ್ಕೆ ಅರ್ಜೆಂಟೀನಾಗೆ ಹೋಗಿ ಮಿಡತೆ ತಿನ್ನುತ್ತದೆ. ಉತ್ತರದ ಗೂಡುಗಳ ಹತ್ತಿರ ಎಲ್ಲಾ ಚೆನ್ನಾಗಿದ್ದರೂ ಹಕ್ಕಿಗಳು ವಾಪಸ್ ಬರುವುದು ಕಡಿಮೆ ಆಗಿತ್ತು. ಉಪಗ್ರಹದ ಟ್ಯಾಗ್ ಹಾಕಿ ಹಿಂಬಾಲಿಸಿದರೆ ಹೊಲಗಳಲ್ಲಿ ಹೆಣಗಳ ರಾಶಿ. 1995-96ರ ಒಂದೇ ಹಂಗಾಮಿನಲ್ಲಿ ಸಾವಿರಾರು ಹಕ್ಕಿಗಳು ಸತ್ತಿದ್ದವು. ಮಿಡತೆಗೆ ಹೊಡೆದ ಮೋನೋಕ್ರೋಟೋಫಾಸ್ ಕಾರಣ. ಆ ಹೆಸರು ನಮ್ಮ ರೈತರಿಗೆ ಹೊಸದಲ್ಲ.

ಹುಲ್ಲುಗಾವಲಿಗೆ ಇನ್ನೊಂದು ಆಪತ್ತೂ ಇದೆ. ಸರ್ಕಾರದ ಕಾಗದದಲ್ಲಿ ಇಂಥ ಜಾಗಕ್ಕೆ ಬಂಜರು ಎಂದೋ ಖರಾಬು ಎಂದೋ ಹೆಸರು. ಸುಮ್ನೆ ಬಿದ್ದಿದೆಯಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ ನೀಲಗಿರಿ, ಅಕೇಶಿಯಾ ನೆಡುತ್ತಾರೆ. ಮರ ಬೆಳೆದರೆ ನೆಲದ ಮೇಲೆ ಮಲಗುವ ಹಕ್ಕಿಗೆ ಜಾಗ ಹೋಯಿತು. ಹಸಿರು ಜಾಸ್ತಿ ಆದರೆ ಎಲ್ಲಾ ಹಕ್ಕಿಗೂ ಒಳ್ಳೆಯದು ಅನ್ನುವ ನಂಬಿಕೆ ಸೆಳೆವಗಳ ಪಾಲಿಗೆ ಬಹಳ ದುಬಾರಿ ಆಗಿದೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ 5,000 ಎಕರೆಗೂ ಮೀರಿದ ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ವರ್ಷಗಟ್ಟಲೆ ಹಕ್ಕಿ ಪಟ್ಟಿ ಹಿಡಿದು ಓಡಾಡಿದವರ ಕೆಲಸಕ್ಕೆ ಬೆಲೆ ಬಂತು ಎಂದು ನನಗೆ ಅವತ್ತು ತುಂಬಾ ಖುಷಿಯಾಗಿತ್ತು.

ಊಟ ಇದ್ದರೂ ಹಕ್ಕಿ ಬರದ ಜಾಗ

ಊಟ ಜಾಸ್ತಿ ಇರುವುದೂ ಕೆಲವೊಮ್ಮೆ ಕೆಟ್ಟ ಸುದ್ದಿ. ಮಹಾರಾಷ್ಟ್ರದ ಸಾತಾರಾ ಹತ್ತಿರದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಗಾಳಿಯಂತ್ರಗಳ ಸಾಲು ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಯಂತ್ರ ಇರುವ ಕಡೆಯನ್ನೂ ಇಲ್ಲದ ಕಡೆಯನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಯಂತ್ರಗಳ ಬಳಿ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಅವು ತಿನ್ನುವ ಬೀಸಣಿಗೆ ಗಂಟಲಿನ ಓತಿಗಳು ಮಾತ್ರ ಅಲ್ಲೇ ಜಾಸ್ತಿ. ಅಷ್ಟೇ ಅಲ್ಲ, ಆ ಓತಿಗಳಲ್ಲಿ ಹೆದರಿಕೆಯೂ ಕಡಿಮೆ. ಮನುಷ್ಯರು ತೀರಾ ಹತ್ತಿರ ಹೋಗುವವರೆಗೂ ಓಡುತ್ತಿರಲಿಲ್ಲ.

ಓತಿಗಳನ್ನು ಮಾತ್ರ ಎಣಿಸಿ, "ಇಲ್ಲಿ ಗಿಡುಗಗಳಿಗೆ ಒಳ್ಳೆಯ ಊಟ ಇದೆ" ಎಂದು ಅಂಕ ಕೊಟ್ಟಿದ್ದರೆ? ಪೂರ್ತಿ ಉಲ್ಟಾ ಆಗುತ್ತಿತ್ತು. ಬೇಟೆಗಾರ ಇಲ್ಲದ್ದರಿಂದಲೇ ಬೇಟೆ ಹೆಚ್ಚಿತ್ತು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೂ ಈಗ ಗಾಳಿಯಂತ್ರಗಳಿವೆ. ಕರೆಂಟು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಯಾವ ಗುಡ್ಡದ ಮೇಲೆ ಅನ್ನುವುದನ್ನು ಕಂಬ ನೆಡುವ ಮೊದಲು ಹಕ್ಕಿಯ ಲೆಕ್ಕ ನೋಡಿ ಆರಿಸಬೇಕು ಎಂಬುದಷ್ಟೇ ನನ್ನ ಕೋರಿಕೆ.

ಮತ್ತೆ ಬಂಡೆಯ ಬುಡಕ್ಕೆ

ರಾಮದೇವರಬೆಟ್ಟದಲ್ಲಿ ಕೊರತೆ ಇದ್ದದ್ದು ಬಂಡೆಯಲ್ಲಲ್ಲ, ದನದ ಮೈಯಲ್ಲಿ. ದೇಶದ ತುಂಬಾ ರಣಹದ್ದುಗಳು ಉದುರಿ ಸಾಯುತ್ತಿದ್ದ ಕಾರಣವನ್ನು ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಪತ್ತೆ ಹಚ್ಚಿ 2004ರಲ್ಲಿ ಪ್ರಕಟಿಸಿದರು. ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್. ಇಂಜೆಕ್ಷನ್ ಕೊಟ್ಟ ಸ್ವಲ್ಪ ದಿನದಲ್ಲೇ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಹೋಗುತ್ತದೆ. ಸತ್ತ ಹದ್ದನ್ನು ಕೊಯ್ದು ನೋಡಿದರೆ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ.

ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಮದ್ದು ಇದ್ದರೂ ಹದ್ದುಗಳ ಕುಲ ಕುಸಿಯಲು ಸಾಕು ಎಂದು ಲೆಕ್ಕ ಹಾಕಿದ್ದಾರೆ. ಮೊದಲು ಕೇಳಿದಾಗ ನಂಬಲು ಕಷ್ಟವಾಗಿತ್ತು. ಆಮೇಲೆ ಕಾಗದದ ಮೇಲೆ ಬರೆದು ನೋಡಿದೆ. ಹದ್ದು ಮೂರು ದಿನಕ್ಕೊಮ್ಮೆ ಹೊಟ್ಟೆ ತುಂಬಾ ಉಂಡರೆ ವರ್ಷಕ್ಕೆ ಸುಮಾರು 120 ಊಟ. 200 ಹೆಣಕ್ಕೆ ಒಂದರಲ್ಲಿ ಮದ್ದು ಇದ್ದರೆ, ಸರಾಸರಿ ಎರಡು ವರ್ಷದೊಳಗೆ ಪ್ರತಿ ಹದ್ದಿನ ಪಾಲಿಗೂ ಒಂದು ವಿಷದ ಊಟ. ಐದು ವರ್ಷಕ್ಕೆ ದೊಡ್ಡದಾಗಿ, ವರ್ಷಕ್ಕೊಂದು ಮೊಟ್ಟೆ ಇಡುವ ಹಕ್ಕಿ ಇದನ್ನು ತಡೆದುಕೊಳ್ಳುವುದಾದರೂ ಹೇಗೆ?

ಇಲ್ಲೇ ಇನ್ನೊಂದು ಲೆಕ್ಕವನ್ನೂ ನೋಡಿ. ಧಾಮದ 346 ಹೆಕ್ಟೇರ್ ಎಂದರೆ ಮೂರೂವರೆ ಚದರ ಕಿಲೋಮೀಟರ್. ರಣಹದ್ದಿಗೆ ಸುರಕ್ಷಿತ ವಲಯ ಮಾಡುವಾಗ ಗೂಡಿನಿಂದ ಸುತ್ತಲೂ 100 ಕಿಲೋಮೀಟರ್ ದೂರದವರೆಗಿನ ಜಾಗವನ್ನು ಗಮನಕ್ಕೆ ತೆಗೆದುಕೊಳ್ಳುತ್ತಾರೆ, ಊಟಕ್ಕಾಗಿ ಅದು ಅಷ್ಟು ದೂರ ಹಾರುತ್ತದೆ. ಅದು 31,000 ಚದರ ಕಿಲೋಮೀಟರಿಗೂ ಜಾಸ್ತಿ. ಧಾಮದ ಸುಮಾರು 9,000 ಪಟ್ಟು. ಬೆಂಗಳೂರು, ಮಂಡ್ಯ, ಮೈಸೂರು, ತುಮಕೂರು ಎಲ್ಲಾ ಅದರೊಳಗೆ ಬರುತ್ತವೆ. ಬೆಟ್ಟಕ್ಕೆ ಬೇಲಿ ಹಾಕಿದ್ದು ಬೇಕಿತ್ತು. ಆದರೆ ಅದು ಹದ್ದಿನ ಮಲಗುವ ಕೋಣೆಗೆ ಹಾಕಿದ ಬಾಗಿಲು ಮಾತ್ರ. ಅಡುಗೆಮನೆ ನಾಲ್ಕಾರು ಜಿಲ್ಲೆಯಷ್ಟು ದೊಡ್ಡದು.

ಅದಕ್ಕೇ ರಣಹದ್ದಿನ ನೆಲೆ ಅಳೆಯುವವರು ಮೆಡಿಕಲ್ ಶಾಪಿಗೂ ಹೋಗುತ್ತಾರೆ. ಸಾಮಾನ್ಯ ಗಿರಾಕಿಯ ಹಾಗೆ, "ಹಸು ಕಾಲು ನೋವು ಮಾಡಿಕೊಂಡಿದೆ, ಇಂಜೆಕ್ಷನ್ ಕೊಡಿ" ಎಂದು ಕೇಳುತ್ತಾರೆ. ಅಂಗಡಿಯವರು ಯಾವ ಶೀಷೆ ತೆಗೆದು ಕೊಡುತ್ತಾರೆ ಅನ್ನುವುದೇ ದಾಖಲೆ. ಸತ್ತ ದನದ ಪಿತ್ತಜನಕಾಂಗದ ಚೂರು ತೆಗೆದು ಪ್ರಯೋಗಾಲಯಕ್ಕೂ ಕಳಿಸುತ್ತಾರೆ. ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಭಾರತ 2006ರಲ್ಲೇ ನಿಷೇಧಿಸಿತು. ಆಮೇಲೂ ಮನುಷ್ಯರಿಗೆಂದು ಮಾರುವ ದೊಡ್ಡ ಶೀಷೆಗಳು ದನದ ಕೊಟ್ಟಿಗೆಗೆ ಹೋಗುತ್ತಿದ್ದವು. 2015ರಲ್ಲಿ ದೊಡ್ಡ ಶೀಷೆಯನ್ನು ನಿಲ್ಲಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ ದನಗಳಿಗೆ ಬೇಡ ಎಂದಾಯಿತು. ಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕಾಂ ಎಲ್ಲಾ ಕಡೆ ಸಿಗುತ್ತದೆ. ಮನೆಯಲ್ಲಿ ದನ ಇರುವವರು ಪಶುವೈದ್ಯರ ಹತ್ತಿರ ಹೆಸರು ಹಿಡಿದೇ ಕೇಳಬಹುದು.

ಕಾಣದ ದಿನದ ಲೆಕ್ಕ

ಕೊನೆಗೆ, ಬೈನಾಕ್ಯುಲರ್ ಹಿಡಿದು ಓಡಾಡುವವರಿಗೆ ಒಂದು ಮಾತು. ಒಂದು ಗುಡ್ಡಕ್ಕೆ ಹೋಗಿ ಹಕ್ಕಿ ಕಾಣದಿದ್ದರೆ ಅಲ್ಲಿ ಹಕ್ಕಿ ಇಲ್ಲ ಎಂದರ್ಥವಲ್ಲ. ಅದು ಬೇಟೆಗೆ ಹೋಗಿರಬಹುದು, ಬಂಡೆಯ ಹಿಂದೆ ಕೂತಿರಬಹುದು. ಇದ್ದಾಗ ಹತ್ತರಲ್ಲಿ ನಾಲ್ಕು ಸಲ ಕಾಣುವ ಹಕ್ಕಿ ಎಂದುಕೊಳ್ಳಿ. ಒಂದು ಸಲ ಹೋದರೆ ತಪ್ಪಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 60. ಮೂರು ಸಲ ಹೋದರೆ ಮೂರೂ ಸಲ ತಪ್ಪಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 22ರ ಹತ್ತಿರ. ಆರು ಸಲ ಹೋದರೆ 5ಕ್ಕೆ ಇಳಿಯುತ್ತದೆ. ಅದಕ್ಕೇ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು, ಪ್ರತಿ ಸಲವೂ ಬರೆಯಬೇಕು. ಬಂದ ಹೊತ್ತು, ಹೊರಟ ಹೊತ್ತು, ಹಕ್ಕಿಯ ವಯಸ್ಸು, ಅದರ ಕೊಕ್ಕಿನಲ್ಲೋ ಕಾಲಿನಲ್ಲೋ ಏನಿತ್ತು, ಬಂಡೆಯ ಗೀರು ಬಿಳಿಯೋ ಬೂದಿಯೋ. ಏನೂ ಕಾಣದ ದಿನ ಪುಸ್ತಕ ಮುಚ್ಚಬೇಡಿ. ತಾರೀಖು ಹಾಕಿ, "ಎರಡು ಗಂಟೆ ಕೂತೆ, ಹಕ್ಕಿ 0" ಎಂದು ಬರೆಯಿರಿ. ಮುಂದಿನ ಸಲ ಆ ಗುಡ್ಡಕ್ಕೆ ಅಂಕ ಕೊಡಲು ಕೂರುವವರು ಮೊದಲು ಹುಡುಕುವುದು ಆ ಸಾಲನ್ನೇ.